ಅಡುಗೆ ಒಲ್ಲದವರ ಅಡುಗೆ ಪುಸ್ತಕ: ಪೆಗ್ ಬ್ರಾಕನ್ ಕೃತಿಯ ಚಾರಿತ್ರಿಕ ಮಹತ್ವ

ಪೀಠಿಕೆ

ಅಡುಗೆ ಪುಸ್ತಕಗಳ ಇತಿಹಾಸವನ್ನು ಬಹುಮಟ್ಟಿಗೆ ರುಚಿಯ ಇತಿಹಾಸವೆಂದೇ ಬರೆಯಲಾಗಿದೆ. ಆದರೆ ಅಡುಗೆ ದುಡಿಮೆಯೂ ಹೌದು. ಹಬ್ಬವಿರಲಿ, ಜ್ವರವಿರಲಿ, ಹೊತ್ತುಹೊತ್ತಿಗೆ ಆಗಲೇಬೇಕಾದ ದುಡಿಮೆ. ಅದರಲ್ಲಿ ಮನಸ್ಸಿಲ್ಲದವರಿಗಾಗಿಯೇ ಬರೆದ ಹಾಸ್ಯಮಯ ಅಡುಗೆ ಪುಸ್ತಕಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಅಮೆರಿಕದ ಲೇಖಕಿ ಪೆಗ್ ಬ್ರಾಕನ್ 1960ರಲ್ಲಿ ಪ್ರಕಟಿಸಿದ ‘ದಿ ಐ ಹೇಟ್ ಟು ಕುಕ್ ಬುಕ್’. ಗೃಹಿಣಿಯ ದುಡಿಮೆಯ ಬಗ್ಗೆ ಅಂದು ಬಾಯಿಬಿಟ್ಟು ಆಡಲಾಗದ ಮಾತನ್ನು ಆಡಲು ಹಾಸ್ಯವೇ ಆಕೆಗೆ ದಾರಿಯಾಯಿತು ಎಂಬುದು ಈ ಲೇಖನದ ಪ್ರತಿಪಾದನೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಆಹಾರ ಕಂಪನಿಗಳು ಡಬ್ಬಿಯ ಸೂಪು, ಕೇಕ್ ಮಿಕ್ಸ್, ಫ್ರೋಜನ್ ತರಕಾರಿಗಳನ್ನು ಮನೆಮನೆಗೆ ತಲುಪಿಸಿದವು. 1950ರ ದಶಕದ ಮೊದಲ ವರ್ಷಗಳಲ್ಲೇ ಪಾಪಿ ಕ್ಯಾನನ್ ಅವರ ‘ದಿ ಕ್ಯಾನ್-ಓಪನರ್ ಕುಕ್‌ಬುಕ್’ ಬಂದಿತ್ತು. ಆದರೆ ಡಬ್ಬಿಯ ಪದಾರ್ಥವನ್ನೂ ಅಲಂಕರಿಸಿ ಔತಣದ ಮಟ್ಟಕ್ಕೇರಿಸುವುದು ಕ್ಯಾನನ್ ಅವರ ಗುರಿ. ಕೆಲಸ ಹಗುರವಾದರೂ ಗೃಹಿಣಿಯ ಉತ್ಸಾಹ ಕುಂದಬಾರದು ಎಂಬುದು ಆ ಕಾಲದ ನಿರೀಕ್ಷೆ. ಮನೆಗೆಲಸದ ಯಂತ್ರಗಳು ಬಂದಂತೆ ಅಚ್ಚುಕಟ್ಟಿನ ಮಾನದಂಡವೂ ಏರುತ್ತ ಹೋಗಿ ಹೆಂಗಸರ ದುಡಿಮೆ ಇಳಿಯಲೇ ಇಲ್ಲ ಎಂದು ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ‘ಮೋರ್ ವರ್ಕ್ ಫಾರ್ ಮದರ್’ ಗ್ರಂಥದಲ್ಲಿ ತೋರಿಸಿದ್ದಾರೆ.

ಕೃತಿಯ ಹುಟ್ಟು

1918ರಲ್ಲಿ ಐಡಾಹೊ ರಾಜ್ಯದ ಫೈಲರ್‌ನಲ್ಲಿ ಹುಟ್ಟಿದ ಬ್ರಾಕನ್ ಆಂಟಿಯಾಕ್ ಕಾಲೇಜಿನ ಪದವೀಧರೆ. ಆರೆಗನ್‌ನ ಪೋರ್ಟ್‌ಲ್ಯಾಂಡ್ ನಗರದಲ್ಲಿ ಜಾಹೀರಾತು ಬರಹಗಾರ್ತಿಯಾಗಿದ್ದವರು. ಊಟಕ್ಕೆ ಸೇರುತ್ತಿದ್ದ ಗೆಳತಿಯರು ತಮ್ಮತಮ್ಮ ಮನೆಗಳಲ್ಲಿ ಕಡಿಮೆ ಶ್ರಮದಲ್ಲಿ ಕೈಗೂಡುತ್ತಿದ್ದ ಅಡುಗೆಗಳನ್ನು ಒಟ್ಟುಗೂಡಿಸಿದ್ದೇ ಪುಸ್ತಕಕ್ಕೆ ಮೂಲವಾಯಿತು. ಸ್ವತಃ ಲೇಖಕರಾಗಿದ್ದ ಪತಿ ರಾಡ್ರಿಕ್ ಲಲ್ ಹಸ್ತಪ್ರತಿಯನ್ನು ಮೆಚ್ಚಲಿಲ್ಲ. ಆರು ಮಂದಿ ಪುರುಷ ಸಂಪಾದಕರು ತಿರಸ್ಕರಿಸಿದ ಮೇಲೆ ಹಾರ್ಕೋರ್ಟ್ ಬ್ರೇಸ್ ಪ್ರಕಾಶನದ ಮಹಿಳಾ ಸಂಪಾದಕರೊಬ್ಬರು ಅದನ್ನು ಒಪ್ಪಿಕೊಂಡರು. ಹಿಲರಿ ನೈಟ್ ಅವರ ರೇಖಾಚಿತ್ರಗಳೊಡನೆ ಹೊರಬಂದ ಪುಸ್ತಕದ 30 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಹೆಂಗಸರಿಗೆ ಇಂಥ ಪುಸ್ತಕ ಬೇಕಾಗಿಲ್ಲ ಎಂದುಕೊಂಡವರಿಗೆ ಓದುಗರೇ ಉತ್ತರ ಕೊಟ್ಟರು.

ಪಠ್ಯದ ಒಳಗೆ

‘ಕಾಕ್‌ಐಡ್ ಕೇಕ್’ ಪಾಕವನ್ನು ನೋಡಿ. ಮೈದಾ, ಕೋಕೋ ಪುಡಿ, ಅಡುಗೆ ಸೋಡಾ, ಸಕ್ಕರೆ, ಉಪ್ಪನ್ನು ಬೇಯಿಸುವ ತಟ್ಟೆಗೇ ಜರಡಿ ಹಿಡಿದು, ಹಿಟ್ಟಿನಲ್ಲಿ ಮೂರು ಸಾಲು ಗೀರಬೇಕು. ಒಂದರಲ್ಲಿ ಎಣ್ಣೆ, ಇನ್ನೊಂದರಲ್ಲಿ ವಿನೆಗರ್, ಮತ್ತೊಂದರಲ್ಲಿ ವೆನಿಲ್ಲಾ ಎಸೆನ್ಸ್. ಮೇಲೊಂದು ಬಟ್ಟಲು ತಣ್ಣೀರು ಸುರಿದು, ಚಮಚದಿಂದ ಕಲಸಿ, ಅರ್ಧ ಗಂಟೆ ಓವನ್ನಿನಲ್ಲಿಟ್ಟರೆ ಮುಗಿಯಿತು. ಮೊಟ್ಟೆ, ಬೆಣ್ಣೆ, ಹಾಲು ಯಾವುದೂ ಬೇಡ. ವಿನೆಗರ್ ಮತ್ತು ಸೋಡಾ ಸೇರಿದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಹಿಟ್ಟನ್ನು ಉಬ್ಬಿಸುತ್ತದೆ. ಕಲಸಿದ ತಟ್ಟೆಯಲ್ಲೇ ಬೇಯುವುದರಿಂದ ತೊಳೆಯಲು ಬೇರೆ ಪಾತ್ರೆಯೂ ಇಲ್ಲ. ಊಟವಾದ ಮೇಲಿನ ಪಾತ್ರೆಯ ರಾಶಿಯನ್ನೂ ಲೆಕ್ಕಕ್ಕೆ ಹಿಡಿದು ಬರೆದ ಪಾಕ ಇದು.

‘ಸ್ಕಿಡ್ ರೋಡ್ ಸ್ಟ್ರೋಗನಾಫ್’ ಇನ್ನೂ ದಿಟ್ಟ. ಕೊಚ್ಚಿದ ದನದ ಮಾಂಸ ಒಲೆಯ ಮೇಲೆ ಕುದಿಯುತ್ತಿರುವಷ್ಟು ಹೊತ್ತು ಸಿಗರೇಟು ಹಚ್ಚಿ, ಮುಖ ಗಂಟುಹಾಕಿಕೊಂಡು ಸಿಂಕನ್ನು ದಿಟ್ಟಿಸುವಂತೆ ಅಡುಗೆಯಾಕೆಗೆ ಸೂಚನೆಯಿದೆ. ಅಂದಿನ ಜಾಹೀರಾತುಗಳಲ್ಲಿ ಒಲೆಯ ಮುಂದೆ ನಗುತ್ತಲೇ ನಿಂತಿರುತ್ತಿದ್ದ ಗೃಹಿಣಿಯ ಜಾಗದಲ್ಲಿ ದಣಿದ ಹೆಣ್ಣೊಬ್ಬಳನ್ನು, ಅದೂ ಪಾಕವಿಧಾನದ ನಟ್ಟನಡುವೆ, ಬ್ರಾಕನ್ ನಿಲ್ಲಿಸಿದರು. ಓದುಗರು ನಕ್ಕದ್ದು ತಮ್ಮ ಬೇಸರವನ್ನೇ ಅಚ್ಚಿನಲ್ಲಿ ಕಂಡು.

ವಿಮರ್ಶೆ

1963ರಲ್ಲಿ ‘ದಿ ಫೆಮಿನೈನ್ ಮಿಸ್ಟಿಕ್’ ಬರೆದ ಸ್ತ್ರೀವಾದಿ ಲೇಖಕಿ ಬೆಟ್ಟಿ ಫ್ರೀಡನ್ ಅವರು ಶರ್ಲಿ ಜಾಕ್ಸನ್, ಜೀನ್ ಕೆರ್ ಮೊದಲಾದವರ ಗೃಹಹಾಸ್ಯವನ್ನು ಕಟುವಾಗಿ ಟೀಕಿಸಿದರು. ಸ್ವತಃ ವೃತ್ತಿಪರ ಲೇಖಕಿಯರಾಗಿದ್ದೂ ಬರಿಯ ಗೃಹಿಣಿಯರಂತೆ ಕಾಣಿಸಿಕೊಂಡು, ಹೆಂಗಸರ ಸಂಕಟವನ್ನು ನಗುವಿನಲ್ಲಿ ತೇಲಿಸಿಬಿಡುತ್ತಾರೆ ಎಂಬುದು ಆಕ್ಷೇಪ. ಇದರಲ್ಲಿ ಹುರುಳಿದೆ. ಬ್ರಾಕನ್ ಅವರ ಪುಸ್ತಕದಲ್ಲೂ ರಾತ್ರಿಯ ಊಟ ಹೆಂಡತಿಯ ಪಾಲಿಗೇ ಉಳಿಯುತ್ತದೆ. ಹೊರೆ ಇಳಿಸುವುದು ಗಂಡನ ಕೈಯಲ್ಲ, ಸೂಪಿನ ಡಬ್ಬಿ. ಡಬ್ಬಿ ಕೊಳ್ಳಬಲ್ಲ ಮಧ್ಯಮವರ್ಗವನ್ನು ದಾಟಿ ಪುಸ್ತಕ ಹೋಗುವುದೂ ಇಲ್ಲ.

ಆದರೂ ಆ ಆಕ್ಷೇಪವನ್ನು ಬ್ರಾಕನ್‌ಗೆ ಪೂರ್ತಿಯಾಗಿ ಅನ್ವಯಿಸಲಾಗದು. ಅಡುಗೆ ಬೇಸರವೆನಿಸಿದರೆ ಅದು ಹೆಣ್ಣಿನ ಕೊರತೆಯಲ್ಲ ಎಂದು ಅವರು ಫ್ರೀಡನ್‌ಗಿಂತ ಮೂರು ವರ್ಷ ಮೊದಲೇ ಸೂಚಿಸಿದರು. ನಗಿಸಿ ಸುಮ್ಮನಾಗದೆ, ಆ ಸಂಜೆಯ ಊಟಕ್ಕೆ ದಾರಿಯನ್ನೂ ತೋರಿಸಿದರು. 2004ರಲ್ಲಿ ‘ಸಮ್‌ಥಿಂಗ್ ಫ್ರಮ್ ದಿ ಓವನ್’ ಬರೆದ ಲಾರಾ ಶಪೀರೊ 1950ರ ದಶಕದ ಅಡುಗೆಮನೆಯ ಕಥನದಲ್ಲಿ ಬ್ರಾಕನ್‌ಗೆ ಸ್ಥಾನ ಕೊಟ್ಟಿರುವುದು ಸರಿಯಾಗಿಯೇ ಇದೆ. 1961ರಲ್ಲಿ ಜೂಲಿಯಾ ಚೈಲ್ಡ್ ಮತ್ತು ಸಂಗಡಿಗರ ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಫ್ರೆಂಚ್ ಕುಕಿಂಗ್’ ಪ್ರಕಟವಾಯಿತು. ಅಡುಗೆಯನ್ನು ಕಲೆಯೆಂದು ಒಲಿದು ಕಲಿಯುವವರಿಗೆ ಅದು. ಒಲ್ಲದೆಯೂ ಮಾಡಲೇಬೇಕಾದವರಿಗೆ ಬ್ರಾಕನ್.

ಉಪಸಂಹಾರ

ಬ್ರಿಟನ್ನಿನಲ್ಲಿ ಕ್ಯಾಥರೀನ್ ವೈಟ್‌ಹಾರ್ನ್ 1960ರ ದಶಕದಲ್ಲೇ ‘ಕುಕಿಂಗ್ ಇನ್ ಎ ಬೆಡ್‌ಸಿಟ್ಟರ್’ ಬರೆದು, ಬಾಡಿಗೆ ಕೋಣೆಯಲ್ಲಿ ಒಂದೇ ಒಲೆಯಿಟ್ಟುಕೊಂಡು ಬದುಕುವವರಿಗೆ ಇಂಥದೇ ನಗುಮೊಗದ ನೆರವು ನೀಡಿದರು. ಬ್ರಾಕನ್ 2007ರಲ್ಲಿ ತೀರಿಕೊಂಡರು. 2010ರಲ್ಲಿ ಅವರ ಪುಸ್ತಕದ ಐವತ್ತನೆಯ ವರ್ಷದ ಆವೃತ್ತಿ ಹೊರಬಂತು. ಸೊಗಸಾದ ಪಾಕಗಳು ಔತಣದ ದಿನಗಳ ಬಗ್ಗೆ ತಿಳಿಸುತ್ತವೆ. ಅವಸರದ ಪಾಕಗಳು ಉಳಿದೆಲ್ಲ ದಿನಗಳ ಬಗ್ಗೆ. ಆದ್ದರಿಂದ ಮನೆಗೆಲಸದ ಚರಿತ್ರೆ ಬರೆಯಹೊರಟವರು ಇಂಥ ಪುಸ್ತಕಗಳನ್ನು ಹಗುರ ಸಾಹಿತ್ಯವೆಂದು ಬದಿಗಿಡದೆ, ದುಡಿಮೆಯ ದಾಖಲೆಗಳೆಂದು ಓದಬೇಕು.