ಅಮೆರಿಕದ ಅಂತರ್ಯುದ್ಧ ಮತ್ತು ತುಂಗಭದ್ರೆಯ ಹತ್ತಿಸೀಮೆ

‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ದಾವಣಗೆರೆಯ ಹತ್ತಿಯ ಚರಿತ್ರೆಯನ್ನು 1930ರ ದಶಕದ ಕಾಟನ್ ಮಿಲ್ಲಿನಿಂದ ಶುರುಮಾಡುವುದು ವಾಡಿಕೆ. ಅದಕ್ಕೂ ಮುಕ್ಕಾಲು ಶತಮಾನ ಹಿಂದೆಯೇ, ಅಮೆರಿಕದ ಜನ ತಮ್ಮತಮ್ಮೊಳಗೆ ಕಾದಾಡುತ್ತಿದ್ದಾಗ, ತುಂಗಭದ್ರೆಯ ಎರೆಸೀಮೆ ಲೋಕದ ಪೇಟೆಯ ಏರಿಳಿತಕ್ಕೆ ಸಿಕ್ಕಿತ್ತು.

1861ರವರೆಗೆ ಲ್ಯಾಂಕಾಶೈರಿನ ಗಿರಣಿಗಳ ಅರಳೆಯಲ್ಲಿ ಮುಕ್ಕಾಲು ಪಾಲು ಅಮೆರಿಕದ್ದೇ. ಅದನ್ನು ಬೆಳೆದು ಬಿಡಿಸುತ್ತಿದ್ದವರು ಗುಲಾಮರು. ಲಿಂಕನ್ನರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ ಮೇಲೆ ಮ್ಯಾಂಚೆಸ್ಟರಿನ ಕಣ್ಣು ಧಾರವಾಡದ ಮೇಲೆ ಬಿತ್ತು. ಅಲ್ಲಿ 1840ರ ದಶಕದಲ್ಲೇ ಈಸ್ಟ್ ಇಂಡಿಯಾ ಕಂಪನಿ ನ್ಯೂ ಆರ್ಲಿಯನ್ಸಿನ ಬೀಜ ಹಾಕಿಸಿತ್ತು. ಜವಾರಿ ಹತ್ತಿಯ ಜೊತೆಗೆ ‘ವಿಲಾಯತಿ ಹತ್ತಿ’ಯೂ ನೆಲಕ್ಕೆ ಒಗ್ಗಿತ್ತು. ಧಾರಣೆ ಏರಿತು, ಹತ್ತಿಯ ಬಿತ್ತನೆ ಹಬ್ಬಿತು.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾನಿ ಜನರಲ್ ಲೀ ಶರಣಾದ, ಯುದ್ಧ ಮುಗಿಯುತ್ತ ಬಂತು. ಧಾರಣೆ ಬಿತ್ತು, ಮುಂಬಯಿಯ ಬ್ಯಾಂಕುಗಳು ಮುಳುಗಿದವು. ಹರಿಹರದ ಹದಿನಾಲ್ಕು ಕಮಾನಿನ ಸೇತುವೆ ಸಂಚಾರಕ್ಕೆ ತೆರೆದದ್ದು 1868ರಲ್ಲಿ; ಹೊಳೆ ದಾಟಲು ಗಾಡಿಗೆ ದಾರಿಯಾಗುವ ಹೊತ್ತಿಗೆ ಭರಾಟೆಯೇ ಮುಗಿದಿತ್ತು. ಸೇತುವೆಯನ್ನು ಹತ್ತಿಗಾಗಿಯೇ ಕಟ್ಟಿದರೆನ್ನಲಾಗದು: ಅದು ಬೆಂಗಳೂರು–ಧಾರವಾಡ ಹೆದ್ದಾರಿಯ ಕೊಂಡಿ. ಆದರೂ ಮೈಸೂರು ಸೀಮೆಯನ್ನೂ ಮುಂಬಯಿ ಪ್ರಾಂತ್ಯವನ್ನೂ ಬೆಸೆದ ಈ ಹಾದಿಯಿಲ್ಲದೆ ದಾವಣಗೆರೆ ಮುಂದೆ ಅಷ್ಟು ದೊಡ್ಡ ವ್ಯಾಪಾರಸ್ಥಳವಾಗುತ್ತಿತ್ತೆ ಎಂದು ಕೇಳಬೇಕಾಗುತ್ತದೆ.

ನನಗೆ ಹೆಚ್ಚು ಮುಖ್ಯವೆನಿಸುವುದು ಸಾಲದ ಪ್ರಶ್ನೆ. 1865ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂವಿಧಾನ ಗುಲಾಮಗಿರಿಯನ್ನು ರದ್ದುಮಾಡಿತು. ಬಿಡುಗಡೆಯಾದವರಲ್ಲಿ ಬಹುಮಂದಿ ಕೈಗೆ ಜಮೀನು ಬರಲಿಲ್ಲ. ಹಳೆಯ ಧಣಿಯ ಹೊಲವನ್ನೇ ಪಾಲಿಗೆ ಹಿಡಿದು, ಅಂಗಡಿಯ ಉದ್ದರಿಯಲ್ಲಿ ಸಿಕ್ಕಿಬಿದ್ದರು. ಇತ್ತ ದಖ್ಖನಿನಲ್ಲಿ ಧಾರಣೆ ಇಳಿದರೂ ಸಾಹುಕಾರನ ಬಡ್ಡಿ ಇಳಿಯಲಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಭಾಗದ ರೈತರು ಸಾಲಪತ್ರಗಳನ್ನು ಸುಟ್ಟರು. ಹತ್ತಿಯೊಂದೇ ಕಾರಣವಲ್ಲ, ಕಂದಾಯದ ಏರಿಕೆಯೂ ಇತ್ತು. ಮರುವರ್ಷ ಕಾಲಿಟ್ಟ ಬರ ಹೊಳೆಯ ಎರಡೂ ದಡದ ಜನರನ್ನು ಬಲಿತೆಗೆದುಕೊಂಡಿತು.

ಅಮೆರಿಕದೊಂದಿಗಿನ ಈ ನಂಟನ್ನು ಆಗಲೇ ಇನ್ನೊಂದು ದಿಕ್ಕಿನಿಂದ ಕಂಡವರು ಜೋತಿರಾವ್ ಫುಲೆ. 1873ರ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅವರು ಗುಲಾಮರ ವಿಮೋಚನೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಮ್ಯಾಂಚೆಸ್ಟರಿಗೆ ಅಮೆರಿಕವೆಂದರೆ ಅರಳೆ, ಫುಲೆಗೆ ಜಾತಿಯ ಕಟ್ಟು ಹರಿಯಲು ಒಂದು ಮೇಲ್ಪಂಕ್ತಿ. ನಮ್ಮ ಸ್ಥಳೀಯ ಚರಿತ್ರೆಗಳು ಎರಡನ್ನೂ ಹೊರಗಿಟ್ಟಿವೆ.

ಆಗ ಹರಿಹರ ಮೈಸೂರಿಗೆ, ಎದುರು ದಡದ ರಾಣೆಬೆನ್ನೂರು ಮುಂಬಯಿಗೆ ಸೇರಿತ್ತು; ಕಾಗದಪತ್ರಗಳೂ ಹಾಗೇ ಎರಡು ಪಾಲಾಗಿವೆ. ದಾವಣಗೆರೆಯ ಆರ್ಥಿಕ ಚರಿತ್ರೆ ಬರೆಯಹೊರಟವರು ಎರಡೂ ಸರ್ಕಾರಗಳ ಕಂದಾಯ ದಾಖಲೆಗಳನ್ನು ಒಟ್ಟಿಗೆ ಓದಬೇಕು.