ಒತ್ತಡದ ಕೋಣೆಯಲ್ಲಿ ಹೃದಯರಕ್ಷಣೆ

1953ನೆಯ ವರ್ಷವೆಂದೊಡನೆ ಓಬಳಾಪುರದ ನಮಗೆ ನೆನಪಾಗುವುದು ಅಕ್ಟೋಬರ್ 1. ಅಂದು ರಾಯದುರ್ಗ ತಾಲ್ಲೂಕು ಆಂಧ್ರಕ್ಕೂ ಬಳ್ಳಾರಿಯು ಮೈಸೂರಿಗೂ ಸೇರಿ, ನೆರೆಯ ಪಟ್ಟಣವೇ ನಮಗೆ ಪರರಾಜ್ಯವಾಯಿತು. ಅದೇ ವರ್ಷದ ಮೇ 6ರಂದು ಅಮೆರಿಕದ ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ ಎಂಬ ಶಸ್ತ್ರವೈದ್ಯರು ಹೃದಯ ಶ್ವಾಸಕೋಶಗಳ ಕೆಲಸವನ್ನು ಯಂತ್ರವೊಂದಕ್ಕೆ ವಹಿಸಿ, ತರುಣಿಯೊಬ್ಬಳ ಹೃದಯದೊಳಗಿನ ರಂಧ್ರವನ್ನು ಮುಚ್ಚಿದರು.

ಆದರೆ ಆ ಯಂತ್ರವು ಆಗಿನ್ನೂ ನೆಚ್ಚುವಂತಿರಲಿಲ್ಲ. ರಕ್ತಸಂಚಾರ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳು ಕೆಡತೊಡಗುತ್ತದೆ. ಈ ಅವಧಿಯನ್ನು ಹಿಗ್ಗಿಸುವ ಬೇರೊಂದು ದಾರಿಯನ್ನು ಹಾಲೆಂಡಿನ ಆಮ್ಸ್ಟರ್‌ಡಾಂ ನಗರದ ಈಟೆ ಬೂರೆಮಾ ಎಂಬವರು ಅರಸಿದರು. ಶಸ್ತ್ರಕ್ರಿಯೆಯ ಕೋಣೆಯನ್ನೇ ಉಕ್ಕಿನ ತೊಟ್ಟಿಯಂತೆ ಕಟ್ಟಿ, ಒಳಗಿನ ಗಾಳಿಯ ಒತ್ತಡವನ್ನು ಮೂರು ಮಡಿಗೇರಿಸಿ, ರೋಗಿಗೆ ಶುದ್ಧ ಆಮ್ಲಜನಕವನ್ನು ಉಸಿರಾಡಿಸುವುದು ಅವರ ಯೋಜನೆ. 1956ರಲ್ಲಿ ಇದನ್ನು ಪ್ರಕಟಿಸಿದರು.

ಇದರ ಮರ್ಮವನ್ನು ನಮ್ಮ ಗೋಲಿಸೋಡಾ ತಿಳಿಸಿಕೊಡುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲವು ನೀರಿನಲ್ಲಿ ಹೆಚ್ಚಾಗಿ ಕರಗುವುದು. ಸಾಮಾನ್ಯ ಗಾಳಿಯಲ್ಲಿ 100 ಮಿ.ಲೀ. ರಕ್ತದಲ್ಲಿ ಕರಗಿರುವ ಆಮ್ಲಜನಕ ಕೇವಲ 0.3 ಮಿ.ಲೀ.; ಉಳಿದುದೆಲ್ಲ ಕೆಂಪುಕಣಗಳ ಹೊರೆ. ಮೂರು ಮಡಿ ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಸೇವಿಸಿದರೆ ಅದು ಸುಮಾರು 6 ಮಿ.ಲೀ. ಆಗುತ್ತದೆ. ವಿಶ್ರಾಂತ ದೇಹಕ್ಕೆ ಬೇಕಾದುದೂ ಹೆಚ್ಚುಕಡಿಮೆ ಅಷ್ಟೇ! ಬೂರೆಮಾ ಅವರು ಹಂದಿಮರಿಗಳ ಕೆಂಪುಕಣಗಳನ್ನು ಬಹುಮಟ್ಟಿಗೆ ತೆಗೆದುಹಾಕಿದರೂ ಅವು ಆ ಕೋಣೆಯಲ್ಲಿ ಬದುಕಿದ್ದವು. ರಕ್ತವನ್ನು ಮರಳಿ ಕೊಟ್ಟ ಮೇಲೆ ಚೇತರಿಸಿಕೊಂಡವು. 1960ರಲ್ಲಿ ಪ್ರಕಟವಾದ ಆ ಲೇಖನದ ಹೆಸರೇ ‘ರಕ್ತವಿಲ್ಲದ ಬದುಕು’.

ಕಷ್ಟಗಳೂ ಇದ್ದವು. ಆಮ್ಲಜನಕ ಮಿತಿಮೀರಿದರೆ ವಿಷವೆಂಬುದನ್ನು ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿಯೇ ತೋರಿಸಿದ್ದರು. ಬೆಂಕಿಯ ಭಯವಂತೂ ಸದಾ ಇದ್ದೇ ಇತ್ತು. ವೈದ್ಯರೂ ದಾದಿಯರೂ ಒತ್ತಡದೊಳಗೇ ನಿಂತು ದುಡಿಯಬೇಕು. ಅವಸರದಿಂದ ಹೊರಬಂದರೆ, ಗೋಲಿ ಒತ್ತಿದ ಸೋಡಾದಂತೆ ಅವರ ರಕ್ತದಲ್ಲಿಯೇ ಗುಳ್ಳೆಗಳೇಳುವುವು. ಅಷ್ಟರಲ್ಲಿ ಗಿಬ್ಬನ್ನರ ಯಂತ್ರವು ಸುಧಾರಿಸಿತು. 1961ರಲ್ಲಿ ನಮ್ಮ ವೆಲ್ಲೂರಿನಲ್ಲಿಯೂ ತೆರೆದ ಹೃದಯದ ಶಸ್ತ್ರಕ್ರಿಯೆ ನಡೆಯಿತು. ಒತ್ತಡದ ಕೋಣೆ ಮೂಲೆಗೆ ಸರಿದು, ಮುಳುಗುಗಾರರ ಬೇನೆಗೂ ಇದ್ದಿಲುಹೊಗೆಯ ವಿಷಕ್ಕೂ ಔಷಧವಾಗಿ ಉಳಿಯಿತು.

ಈ ಶತಮಾನದಲ್ಲಿ ಆ ವಿಚಾರ ಬೇರೆ ರೂಪದಿಂದ ಮರಳಿದೆ. ಶಸ್ತ್ರಕ್ರಿಯೆಗೆ ಮುನ್ನವೇ ರೋಗಿಯನ್ನು ಕೋಣೆಯಲ್ಲಿ ಕೆಲಹೊತ್ತು ಇರಿಸಿದರೆ, ಆ ಅಲ್ಪ ಆಘಾತದಿಂದ ಹೃದಯವು ಮುಂದಿನ ದೊಡ್ಡ ಆಘಾತಕ್ಕೆ ಅಣಿಯಾದೀತೆಂಬ ಎಣಿಕೆಯಿಂದ ಬ್ರಿಟನ್, ಚೀಣಾ ದೇಶಗಳಲ್ಲಿ ಪರೀಕ್ಷೆಗಳಾಗಿವೆ. ಫಲಿತಾಂಶ ಆಶಾದಾಯಕವಾದರೂ ಪರೀಕ್ಷಿತರ ಸಂಖ್ಯೆ ಚಿಕ್ಕದು. ಪುಟ್ಟಪರ್ತಿಗೋ ಬೆಂಗಳೂರಿಗೋ ಹೃದಯದ ಶಸ್ತ್ರಕ್ರಿಯೆಗೆಂದು ಹೊರಡುವ ನಮ್ಮವರು, ಅಲ್ಲಿ ಇಂಥ ಕೋಣೆಯಿಲ್ಲವೆಂದು ಅಳುಕಬೇಕಾದ ಕಾರಣವಿಲ್ಲ.