ಕೂಡಿಯೂ ಕುಗ್ಗಿದ ಕಂಪನಿ: ವೊಡಾಫೋನ್–ಐಡಿಯಾ ವಿಲೀನ ಮತ್ತು ಪೈಪೋಟಿಯ ಅಳತೆಗೋಲು

ದೂರಸಂಪರ್ಕ ಇಲಾಖೆ 2014ರ ಫೆಬ್ರವರಿಯಲ್ಲಿ ಹೊರಡಿಸಿದ ವಿಲೀನ ನಿಯಮಗಳ ಹಿಂದೆ ಇದ್ದುದು ಮುಖ್ಯವಾಗಿ ಒಂದೇ ಆತಂಕ: ಇಬ್ಬರು ಸೇರಿದರೆ ಮಿತಿಮೀರಿ ಬಲಿತುಬಿಡುತ್ತಾರೆ. ಹಾಗಾಗಿ ಯಾವುದೇ ದೂರಸಂಪರ್ಕ ವೃತ್ತದಲ್ಲಿ, ಅಂದರೆ ಸೇವಾ ಪ್ರದೇಶದಲ್ಲಿ, ಚಂದಾದಾರರ ಪಾಲಾಗಲಿ ಆದಾಯದ ಪಾಲಾಗಲಿ ಶೇ. 50 ದಾಟಿದರೆ ವರ್ಷದೊಳಗೆ ಇಳಿಸಿಕೊಳ್ಳಬೇಕೆಂದು ವಿಧಿಸಲಾಯಿತು. 2018ರ ಆಗಸ್ಟ್ 31ರಂದು ವೊಡಾಫೋನ್–ಐಡಿಯಾ ಒಂದಾದಾಗ ಚಂದಾದಾರರು 40 ಕೋಟಿ ಮೀರಿದ್ದರು. ಅದು ದೇಶದ ಅತಿ ದೊಡ್ಡ ಮೊಬೈಲ್ ಕಂಪನಿಯಾಯಿತು. 2025ರ ವೇಳೆಗೆ ಆ ಚಂದಾದಾರರಲ್ಲಿ ಉಳಿದವರು ಅರ್ಧದ ಆಸುಪಾಸು.

ಪೈಪೋಟಿ ಅಳೆಯಲು ಅರ್ಥಶಾಸ್ತ್ರಜ್ಞರು ಬಳಸುವ ಹರ್ಫಿಂಡಾಲ್–ಹರ್ಶ್‌ಮನ್ ಸೂಚ್ಯಂಕವೆಂದರೆ ಪ್ರತಿ ಕಂಪನಿಯ ಶೇಕಡಾ ಪಾಲಿನ ವರ್ಗಗಳ ಮೊತ್ತ. ವಿಲೀನಕ್ಕೆ ಮುನ್ನ ಎರಡೂ ಕಂಪನಿಗಳ ಪಾಲು ತಲಾ ಸುಮಾರು ಶೇ. 19, ಕೂಡಿದ್ದರಿಂದಲೇ ಸೂಚ್ಯಂಕ 700ಕ್ಕೂ ಹೆಚ್ಚು ಏರಿ 2,850ರ ಸುತ್ತಮುತ್ತ ನಿಂತಿತು. ಅಮೆರಿಕದ 2023ರ ಮಾರ್ಗಸೂಚಿಯ ಪ್ರಕಾರ 1,800 ದಾಟಿದ ಮಾರುಕಟ್ಟೆಯಲ್ಲಿ 100ಕ್ಕೂ ಮೀರಿದ ಏರಿಕೆಯೇ ಶಂಕಾಸ್ಪದ. 2025ರ ಆರಂಭದ ಪಾಲುಗಳನ್ನಿಟ್ಟು ಲೆಕ್ಕ ಹಾಕಿದರೆ ಭಾರತದ ಸೂಚ್ಯಂಕ 3,100ರ ಸಮೀಪ. ಅಂಕಿ ಹೆಚ್ಚೇನೂ ಕದಲಿಲ್ಲ, ಆದರೆ ಮೊದಲ ಸ್ಥಾನದಲ್ಲಿದ್ದವನು ಮೂರಕ್ಕೆ ಇಳಿದಿದ್ದಾನೆ. ಕಂಪನಿಯೊಂದಕ್ಕೆ ನಾಳೆ ಗೋಪುರ ನೆಡುವ ಶಕ್ತಿ ಇದೆಯೋ ಇಲ್ಲವೋ ಎಂಬುದನ್ನು ಈ ಸೂಚ್ಯಂಕ ಹೇಳಲಾರದು.

ಕುಸಿತದ ಬೇರು ವಿಲೀನದಲ್ಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಉಚಿತ ಕರೆ, ಉಚಿತ ಡೇಟಾದೊಂದಿಗೆ ಬಂತು. ಇದು ಎದುರಾಳಿಗಳನ್ನು ಮುಗಿಸುವ ದರನೀತಿಯೆಂದು ಏರ್‌ಟೆಲ್ ಕೊಟ್ಟ ದೂರನ್ನು ಭಾರತೀಯ ಸ್ಪರ್ಧಾ ಆಯೋಗ 2017ರ ಜೂನ್‌ನಲ್ಲಿ ತಳ್ಳಿಹಾಕಿತು. ಹೊಸದಾಗಿ ಬಂದವರಿಗೆ ಪ್ರಾಬಲ್ಯವೆಲ್ಲಿಂದ ಎಂಬುದು ಅದರ ತರ್ಕ. ಕಾನೂನಿನ ಮಟ್ಟಿಗೆ ಅದು ಸರಿಯೇ ಇರಬಹುದು. ಆದರೆ ಅದೇ ವರ್ಷದ ಕೊನೆಗೆ ರಿಲಯನ್ಸ್ ಕಮ್ಯುನಿಕೇಷನ್ಸ್ ಕರೆ ಸೇವೆ ನಿಲ್ಲಿಸಿತು, 2018ರಲ್ಲಿ ಏರ್‌ಸೆಲ್ ದಿವಾಳಿಗೆ ಅರ್ಜಿ ಹಾಕಿತು, ಟೆಲಿನಾರ್ ಏರ್‌ಟೆಲ್‌ನ ಮಡಿಲು ಸೇರಿತು. ವೊಡಾಫೋನ್, ಐಡಿಯಾ ಕೂಡಿದ್ದು ಬಲಕ್ಕಲ್ಲ, ಆಸರೆಗೆ.

ಆ ಆಸರೆಯನ್ನೂ ಮುರಿದದ್ದು 2019ರ ಅಕ್ಟೋಬರ್ 24ರ ಸುಪ್ರೀಂ ಕೋರ್ಟ್ ತೀರ್ಪು. ಬಡ್ಡಿ, ಬಾಡಿಗೆಯಂಥ ದೂರಸಂಪರ್ಕಕ್ಕೆ ಸಂಬಂಧಿಸದ ಗಳಿಕೆಯೂ ಸರ್ಕಾರದೊಂದಿಗೆ ಹಂಚಿಕೊಳ್ಳಬೇಕಾದ ಆದಾಯಕ್ಕೆ ಸೇರುತ್ತದೆಂದು ಅದು ಹೇಳಿತು. ಇಲಾಖೆಯ ಲೆಕ್ಕದಲ್ಲಿ ವೊಡಾಫೋನ್ ಐಡಿಯಾದ ಬಾಕಿ 58,000 ಕೋಟಿ ರೂಪಾಯಿ ಮೀರಿತು.

ಒಂದು ಕಂಪನಿ ಇನ್ನೊಂದನ್ನು ನುಂಗುವುದು ಕರ್ನಾಟಕ ವೃತ್ತಕ್ಕೆ ಹೊಸತಲ್ಲ. ಇಲ್ಲಿನ ಮೊದಲ ಎರಡು ಖಾಸಗಿ ಸೇವೆಗಳ ಪೈಕಿ ಜೆಟಿ ಮೊಬೈಲ್ಸ್ 1999ರಲ್ಲಿ ಏರ್‌ಟೆಲ್‌ನ ಒಡೆಯ ಭಾರ್ತಿಯ ಪಾಲಾಯಿತು, ಸ್ಪೈಸ್ 2008ರಲ್ಲಿ ಐಡಿಯಾದ ತೆಕ್ಕೆಗೆ ಬಿತ್ತು. ಆದರೆ ಆಗ ಬಾಗಿಲಲ್ಲಿ ಹೊಸಬರು ಸಾಲುಗಟ್ಟಿದ್ದರು. ಈಗ ಯಾರೂ ಇಲ್ಲ.

ಪರಿಣಾಮ ರೀಚಾರ್ಜ್ ಚೀಟಿಯಲ್ಲೇ ಕಾಣುತ್ತದೆ. 2024ರ ಜೂನ್ ಕೊನೆಯಲ್ಲಿ ಎರಡು ದಿನಗಳೊಳಗೆ ಮೂರೂ ಖಾಸಗಿ ಕಂಪನಿಗಳು ದರ ಏರಿಕೆ ಘೋಷಿಸಿದವು. ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾದ 179 ರೂಪಾಯಿಯ ತಿಂಗಳ ಯೋಜನೆ ಎರಡೂ ಕಡೆ 199 ಆಯಿತು. ಇದನ್ನು ಒಳಒಪ್ಪಂದ ಎನ್ನಲು ಪುರಾವೆ ಬೇಕು. ಆದರೆ ಖಾಸಗಿಯವರು ಮೂವರೇ ಇರುವ ಪೇಟೆಯಲ್ಲಿ ಒಪ್ಪಂದದ ಅಗತ್ಯವೇ ಬೀಳದು. ಆಮೇಲೆ ಕೆಲ ತಿಂಗಳು ಬಿಎಸ್‌ಎನ್‌ಎಲ್‌ಗೆ ಗ್ರಾಹಕರು ಬಂದದ್ದುಂಟು, 4ಜಿ ತಡವಾದ್ದರಿಂದ ಆ ಹರಿವು ಬಹುಕಾಲ ಉಳಿಯಲಿಲ್ಲ.

ಇತ್ತ ಸರ್ಕಾರ ತನಗೆ ಕಂಪನಿಯಿಂದ ಬರಬೇಕಾದ ಬಾಕಿಗಳ ಒಂದು ಭಾಗವನ್ನು ಎರಡು ಕಂತಿನಲ್ಲಿ ಷೇರಾಗಿ ಬದಲಿಸಿಕೊಂಡಿತು: 2023ರಲ್ಲಿ 16,133 ಕೋಟಿ ರೂಪಾಯಿ, 2025ರಲ್ಲಿ 36,950 ಕೋಟಿ. ಹೀಗೆ ವೊಡಾಫೋನ್ ಐಡಿಯಾದಲ್ಲಿ ಅದರ ಪಾಲು ಶೇ. 49ರ ಹತ್ತಿರ ಬಂದಿದೆ. ಬಿಎಸ್‌ಎನ್‌ಎಲ್ ಅದರದ್ದೇ. ತರಂಗಾಂತರ ಹರಾಜು ಹಾಕುವುದೂ ಅದೇ, ಮುಂದಿನ ವಿಲೀನದ ಅರ್ಜಿ ಬಂದರೆ ದೂರಸಂಪರ್ಕ ಇಲಾಖೆಯಾಗಿ ಒಪ್ಪಿಗೆ ಕೊಡಬೇಕಾದುದೂ ಅದೇ.